ಹೊಳೆ ದಾಟುವ ಮೊದಲೇ ಅಂಬಿಗನನ್ನು ಬಿಡಬೇಡಿ

ಆಸ್ಟ್ರೇಲಿಯಾದಲ್ಲಿ ಧಣಿಯ ವೀಸಾ ಬಿಟ್ಟು ಹೆಂಡತಿಯ ವೀಸಾ ಹಿಡಿಯುವವರ ಫಜೀತಿ

ಮೊದಲು ಬೊಂಬಾಯಿ. ಆಮೇಲೆ ದುಬೈ, ಮಸ್ಕತ್, ಕುವೈತ್. ಈಗ ಮೆಲ್ಬರ್ನ್, ಸಿಡ್ನಿ. ಕರಾವಳಿಯ ಹುಡುಗರು ಊರು ಬಿಟ್ಟು ಹೋಗುವ ದಾರಿ ಉದ್ದವಾಗುತ್ತಲೇ ಇದೆ. ಬೊಂಬಾಯಿಗೆ ಹೋದವನಿಗೆ ಬಸ್ ಟಿಕೆಟ್ ಒಂದಿದ್ದರೆ ಸಾಕಿತ್ತು. ಹೋಟೆಲಿನ ಧಣಿ ಬೈದರೆ ಸಂಜೆಗೇ ಗಂಟು ಕಟ್ಟಿ ಎದುರಿನ ಹೋಟೆಲಿಗೆ ಸೇರಿಕೊಳ್ಳಬಹುದಿತ್ತು. ಮೆಲ್ಬರ್ನಿನಲ್ಲಿ ಹಾಗಿಲ್ಲ. ಅಲ್ಲಿ ಧಣಿ ಸಂಬಳ ಮಾತ್ರ ಕೊಡುವವನಲ್ಲ, ಆ ದೇಶದಲ್ಲಿ ನಿಲ್ಲುವ ಹಕ್ಕೂ ಅವನ ಮೂಲಕವೇ ಬಂದದ್ದು.

ಹಾಗಾಗಿಯೇ ಕುಂದಾಪುರ-ಉಡುಪಿ ನಡುವಿನ ಬಸ್ಸಿನಲ್ಲಿ, ಜವುಳಿ ಅಂಗಡಿಯ ಗಲ್ಲೆಯ ಎದುರು, ಇಂಥ ಮಾತು ಕೇಳಿಬಂದರೆ ಆಶ್ಚರ್ಯವಿಲ್ಲ:

"ಮಗ ಹೇಗಿದ್ದಾನೆ ಮಾರಾಯ್ರೆ?"

"ಅವನಿಗೇನು? ಪಿ.ಆರ್. ಇರುವ ಹುಡುಗಿ ಸಿಕ್ಕಿದಳು. ಮದುವೆ ಆಯ್ತು, ಅರ್ಜಿಯೂ ಹಾಕಿ ಆಯ್ತು. ಇನ್ನು ಆ ಧಣಿಯ ಹಂಗೆಂತ?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವುದು ನಮ್ಮ ಹಳೇ ಗಾದೆ. ಸರಿಯೇ. ಆದರೆ ಅರ್ಜಿ ಹಾಕಿದ್ದು ಅಂದರೆ ಹೊಳೆ ದಾಟಿದ್ದು ಅಂತ ಅರ್ಥವಲ್ಲ. ಹುಡುಗ ಇನ್ನೂ ನಡುನೀರಿನಲ್ಲಿದ್ದಾನೆ. ಅಲ್ಲಿ ಅಂಬಿಗನಿಗೆ "ನಮಸ್ಕಾರ, ಬರ್ತೇನೆ" ಅಂದವರು ಮುಳುಗುತ್ತಾರೆ. ಅದು ಹೇಗೆ ಅನ್ನುವುದು ಊರಿನಲ್ಲಿರುವ ಅಪ್ಪ-ಅಮ್ಮಂದಿರಿಗೂ ತಿಳಿದಿರಬೇಕಾದ ವಿಷಯ.

ಧಣಿಯ ಕಾಗದ

ಕೆಲಸ ಕೊಡುವವನೇ ಜಾಮೀನು ನಿಂತು ಕರೆಸಿಕೊಳ್ಳುವ ವೀಸಾ ಆಸ್ಟ್ರೇಲಿಯಾದಲ್ಲಿ 1996ರಿಂದ ಇದೆ. ಆಗ ಅದರ ನಂಬರು 457. 2018ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿ 482 ಅಂತ ಹೊಸ ನಂಬರು ಕೊಟ್ಟರು. 2024ರ ಡಿಸೆಂಬರ್ 7ರಿಂದ ಅದೇ 482ಕ್ಕೆ 'ಸ್ಕಿಲ್ಸ್ ಇನ್ ಡಿಮ್ಯಾಂಡ್' ಎಂಬ ಹೊಸ ಹೆಸರು ಬಂತು. ಹೆಸರು ಬದಲಾದರೂ ಹುರುಳು ಒಂದೇ: ಯಾವ ಕೆಲಸಕ್ಕೆ ಕರೆಸಿದರೋ ಅದೇ ಕೆಲಸ, ಯಾವ ಧಣಿ ಕರೆಸಿದನೋ ಅವನ ಹತ್ತಿರವೇ.

ಧಣಿ ಮನಸ್ಸಿಗೆ ಬಂದ ಸಂಬಳ ಕೊಡುವಂತಿಲ್ಲ. ಹೆಚ್ಚಿನವರು ಹೋಗುವ ವಿಭಾಗದಲ್ಲಿ 2025ರ ಜುಲೈ 1ರಿಂದ ವರ್ಷಕ್ಕೆ ಕನಿಷ್ಠ 76,515 ಡಾಲರ್ ಅಂತ ಕಾನೂನೇ ಗೆರೆ ಎಳೆದಿದೆ. ಆದರೆ ಗೆರೆ ಇರುವುದು ಬೇರೆ, ಗೆರೆಯ ಒಳಗೆ ನಡೆಯುವುದು ಬೇರೆ. ಹನ್ನೆರಡು ತಾಸು ದುಡಿಸಿ ಎಂಟು ತಾಸಿನ ಲೆಕ್ಕ ಬರೆಯುವ ಧಣಿ ಎಲ್ಲಾ ದೇಶದಲ್ಲೂ ಹುಟ್ಟುತ್ತಾನೆ. ಎದುರು ಮಾತಾಡಿದರೆ ಒಂದೇ ಮಂತ್ರ: "ವೀಸಾ ಕ್ಯಾನ್ಸಲ್ ಮಾಡಿಸ್ತೇನೆ."

ಇನ್ನೊಂದು ಆಸೆಯೂ ಉಂಟು. ಅನುಮೋದಿತ ಧಣಿಗಳ ಹತ್ತಿರ ಎರಡು ವರ್ಷ ದುಡಿದವನು, ಧಣಿಯೇ ಹೆಸರು ಸೂಚಿಸಿದರೆ, ಆ ಮೂಲಕವೇ ಪಿ.ಆರ್.ಗೆ ಅರ್ಜಿ ಹಾಕಬಹುದು. ಮೊದಲು ಮೂರು ವರ್ಷ ಬೇಕಿತ್ತು, 2023ರ ನವೆಂಬರ್‌ನಲ್ಲಿ ಅದನ್ನು ಎರಡಕ್ಕೆ ಇಳಿಸಿದರು. ಸಾಮಾನ್ಯವಾಗಿ ವಯಸ್ಸು 45 ದಾಟಿರಬಾರದು. ಇದನ್ನೇ ಬೆಲ್ಲದ ಅಚ್ಚಿನಂತೆ ತೋರಿಸಿ "ಇನ್ನೊಂದು ವರ್ಷ ಇರು ಮಾರಾಯ, ಮಾಡಿಸಿ ಕೊಡ್ತೇನೆ" ಅನ್ನುವ ಧಣಿಗಳೂ ಇದ್ದಾರೆ.

ಇಷ್ಟೆಲ್ಲ ಕಟ್ಟು ಇರುವಾಗ, ಪ್ರೀತಿಯೋ ಸಂಬಂಧಿಕರ ಓಡಾಟವೋ, ಅಲ್ಲಿಯೇ ಪಿ.ಆರ್. ಪಡೆದ ನರ್ಸ್ ಹುಡುಗಿಯೊಬ್ಬಳ ಜೊತೆ ಮದುವೆ ಕೂಡಿಬಂದರೆ ಹುಡುಗನಿಗೆ ಉಸಿರು ಬಂದಂತಾಗುವುದು ಸಹಜ.

ಹೆಂಡತಿಯ ಕಾಗದ

ಹೆಂಡತಿಯ ಕಾಗದ ಅಂದರೆ ಗಂಡನ ಕಾಗದವೂ ಹೌದು. ಕೆಲಸದ ವೀಸಾದಲ್ಲಿ ಹೋದ ಹುಡುಗಿ ಅಲ್ಲಿಯ ಹುಡುಗನನ್ನು ಮದುವೆಯಾದರೂ ನಿಯಮ ಅದೇ. ಮದುವೆಯಾಗದೆ ಒಟ್ಟಿಗೆ ಬಾಳುವ ಜೋಡಿಗೂ ಉಂಟು. ಅಂಥವರು ಅರ್ಜಿಗೆ ಮೊದಲು ಸಾಮಾನ್ಯವಾಗಿ 12 ತಿಂಗಳು ಜೊತೆಯಾಗಿ ಬಾಳಿದ್ದನ್ನು ತೋರಿಸಬೇಕು. ಗಂಡು-ಗಂಡು, ಹೆಣ್ಣು-ಹೆಣ್ಣು ಜೋಡಿಗೂ ಇದೇ ಕಾನೂನು. ಅಂಥ ಮದುವೆ ಅಲ್ಲಿ 2017ರ ಡಿಸೆಂಬರ್‌ನಿಂದ ಕಾನೂನುಬದ್ಧ.

ಜಾಮೀನು ನಿಲ್ಲುವವರು ಆಸ್ಟ್ರೇಲಿಯಾದ ಪ್ರಜೆಯೋ, ಪಿ.ಆರ್. ಇರುವವರೋ, ಅರ್ಹತೆ ಇರುವ ನ್ಯೂಜಿಲೆಂಡ್ ಪ್ರಜೆಯೋ ಆಗಿರಬೇಕು. ಹುಡುಗ ಆಸ್ಟ್ರೇಲಿಯಾದ ಒಳಗೇ ಇದ್ದು ಹಾಕುವ ಅರ್ಜಿಗೆ ಎರಡು ನಂಬರು: 820 ಮತ್ತು 801. ಅರ್ಜಿ ಒಂದೇ, ಫೀಸೂ ಒಂದೇ. ಮೊದಲು ಸಿಗುವ 820 ತಾತ್ಕಾಲಿಕ. ಅರ್ಜಿ ಹಾಕಿ ಎರಡು ವರ್ಷ ಕಳೆದ ಮೇಲೆ, "ಸಂಸಾರ ಇನ್ನೂ ಸರಿಯಾಗಿ ನಡೀತಾ ಉಂಟಾ?" ಅಂತ ಮತ್ತೊಮ್ಮೆ ನೋಡಿ ಕಾಯಂ ಆದ 801 ಕೊಡುತ್ತಾರೆ. ಬಹಳ ವರ್ಷಗಳಿಂದ ಜೊತೆಗಿರುವ ಜೋಡಿಗೆ ಮಾತ್ರ ಎರಡನ್ನೂ ಒಟ್ಟಿಗೇ ಕೊಡುವುದುಂಟು.

820 ಕೈಗೆ ಬಂದ ದಿನ 482ರ ಕಟ್ಟು ಕಳಚುತ್ತದೆ. ಯಾರ ಹತ್ತಿರ ಬೇಕಾದರೂ, ಯಾವ ಕೆಲಸ ಬೇಕಾದರೂ ಮಾಡಬಹುದು. ಸ್ವಂತ ಕ್ಯಾಂಟೀನ್ ಇಟ್ಟರೂ ಕೇಳುವವರಿಲ್ಲ. ಭಾರತದಿಂದ 482ರಲ್ಲಿ ಹೋದವನು ಆಸ್ಪತ್ರೆ ಖರ್ಚಿಗೆ ಖಾಸಗಿ ವಿಮೆ ಇಟ್ಟುಕೊಂಡಿರಬೇಕು. ಸಂಗಾತಿ ವೀಸಾಕ್ಕೆ ಅಲ್ಲಿಂದಲೇ ಅರ್ಜಿ ಹಾಕಿದವನು 'ಮೆಡಿಕೇರ್' ಎಂಬ ಸರಕಾರಿ ಆರೋಗ್ಯ ಯೋಜನೆಗೆ ಹೆಸರು ಬರೆಸಬಹುದು. ಇದೆಲ್ಲ ಸಣ್ಣ ಲಾಭವಲ್ಲ.

ಆದರೆ 820 ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕು. ವರ್ಷ ದಾಟುವುದೂ ಉಂಟು. ಅಪಾಯ ಇರುವುದು ಈ ಮಧ್ಯಂತರದಲ್ಲಿ.

ನಡುನೀರಿನಲ್ಲಿ

482 ಜೀವಂತ ಇರುವಾಗ ಸಂಗಾತಿ ವೀಸಾಕ್ಕೆ ಅರ್ಜಿ ಹಾಕಿದವನಿಗೆ ಸಾಮಾನ್ಯವಾಗಿ ಇನ್ನೊಂದು ಕಾಗದ ಕೊಡುತ್ತಾರೆ. ಹೆಸರು 'ಬ್ರಿಡ್ಜಿಂಗ್ ವೀಸಾ ಎ', ಅಂದರೆ ಸೇತುವೆ ವೀಸಾ. ಇದರಲ್ಲಿ ಕೆಲಸಕ್ಕೆ ಅಡ್ಡಿಯಿಲ್ಲ. ಈ ಮಾತು ಕಿವಿಗೆ ಬಿದ್ದದ್ದೇ ತಡ, ಹುಡುಗ ಏಪ್ರನ್ ಬಿಚ್ಚಿ ಧಣಿಯ ಮುಖದ ಮೇಲೆ ಎಸೆಯಲು ಹೊರಡುತ್ತಾನೆ.

ತಡಿ ಮಾರಾಯ! ಸೇತುವೆ ಕಟ್ಟಿದ್ದಾರೆ ನಿಜ, ಗೇಟು ಇನ್ನೂ ತೆರೆದಿಲ್ಲ. ಬ್ರಿಡ್ಜಿಂಗ್ ವೀಸಾ ಜಾರಿಗೆ ಬರುವುದು 482ರ ಅವಧಿ ಮುಗಿದ ಮೇಲೆ. ಅಲ್ಲಿಯ ತನಕ ಅದು ಪೆಟ್ಟಿಗೆಯಲ್ಲಿ ಮಲಗಿರುವ ಕಾಗದ. 482ಕ್ಕೆ ಇನ್ನೂ ಎರಡು ವರ್ಷ ಬಾಕಿ ಇದ್ದು 820 ಬಂದಿಲ್ಲವಾದರೆ ಆ ಎರಡು ವರ್ಷವೂ 482ರ ಷರತ್ತುಗಳೇ ನಡೆಯುತ್ತವೆ: ಅದೇ ಕೆಲಸ, ಅದೇ ಧಣಿ.

ಹಾಗಾದರೆ ಕೆಲಸ ಬಿಡುವಂತೆಯೇ ಇಲ್ಲವೆ? ಬಿಡಬಹುದು, ಲೆಕ್ಕ ಇಟ್ಟುಕೊಂಡು. ಮೊದಲು ಕೆಲಸ ಬಿಟ್ಟವನಿಗೆ 60 ದಿನ ಮಾತ್ರ ಸಿಗುತ್ತಿತ್ತು. 2024ರ ಜುಲೈ 1ರಿಂದ ಒಂದು ಸಲಕ್ಕೆ 180 ದಿನ, ವೀಸಾದ ಇಡೀ ಅವಧಿಗೆ ಒಟ್ಟು 365 ದಿನ. ಅಷ್ಟರೊಳಗೆ ಇನ್ನೊಬ್ಬ ಧಣಿ ಜಾಮೀನು ನಿಲ್ಲಬೇಕು, ಇಲ್ಲವೆ ಬೇರೆ ವೀಸಾ ಕೈಗೆ ಬರಬೇಕು, ಇಲ್ಲವೆ ದೇಶ ಬಿಡಬೇಕು. ಈ ದಿನಗಳಲ್ಲಿ ಹೊಟ್ಟೆಪಾಡಿಗೆ ಬೇರೆಯವರ ಹತ್ತಿರ ಕೆಲಸ ಮಾಡಲು ಕಾನೂನು ಬಿಡುತ್ತದೆ. ಹೋಟೆಲಿನವನು ಗೋಡೌನಿನಲ್ಲಿ ದುಡಿದರೂ ತಪ್ಪಿಲ್ಲ. ಆದರೆ 181ನೇ ದಿನ ಷರತ್ತು ಮುರಿದಂತೆ. 482 ರದ್ದಾಗುವ ಬಾಗಿಲು ತೆರೆಯಿತು.

ರದ್ದಾದರೆ ಏನಾಗುತ್ತದೆ? ಅನೇಕರು ತಿಳಿದಿರುವುದು "482 ಹೋದರೆ ಹೋಗಲಿ, ಬ್ರಿಡ್ಜಿಂಗ್ ವೀಸಾ ಉಂಟಲ್ಲ" ಅಂತ. ಇಲ್ಲ. 482ರ ಅವಧಿ ತಾನಾಗಿ ಮುಗಿದರೆ ಮಾತ್ರ ಸೇತುವೆಯ ಗೇಟು ತೆರೆಯುತ್ತದೆ. 482 ರದ್ದಾದರೆ ಅದರ ಜೊತೆಗೆ ಈ ಬ್ರಿಡ್ಜಿಂಗ್ ವೀಸಾ 'ಎ'ಯೂ ಬಿದ್ದು ಹೋಗುತ್ತದೆ. ಮುಗಿಯುವುದಕ್ಕೂ ರದ್ದಾಗುವುದಕ್ಕೂ ಇರುವ ಈ ವ್ಯತ್ಯಾಸವನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಧಣಿಯ ಪೀಡೆ ತಪ್ಪಲಿ ಅಂತ ತಾವಾಗಿಯೇ "ನನ್ನ 482 ರದ್ದು ಮಾಡಿ" ಎಂದು ಬರೆದುಕೊಟ್ಟವರ ಗತಿಯೂ ಇದೇ.

ಆಮೇಲೆ ಉಳಿಯುವುದು 'ಬ್ರಿಡ್ಜಿಂಗ್ ವೀಸಾ ಇ'. ಸಂಗಾತಿ ವೀಸಾದ ಅರ್ಜಿ ಸಾಯುವುದಿಲ್ಲ, ಅದು ನಡೆಯುತ್ತಿರುತ್ತದೆ. ಆದರೆ ಕೆಲಸ ಮಾಡಲು ಬೇರೆಯಾಗಿ ಅನುಮತಿ ಕೇಳಬೇಕಾಗಿ ಬರಬಹುದು. ಹೊರದೇಶಕ್ಕೆ ಹೋಗಿ ಬರುವ ದಾರಿಯಂತೂ ಬಂದ್. ದುಡಿಯುವ ಕೈ ಕಟ್ಟಿ ಹೆಂಡತಿಯ ಸಂಬಳದಲ್ಲಿ ಮನೆಯಲ್ಲಿ ಕೂರುವುದು ಹೊಸ ಸಂಸಾರಕ್ಕೆ ಒಳ್ಳೆಯ ಆರಂಭವಲ್ಲ.

ಇನ್ನು ಕೆಲವರು 482 ಮುಗಿದೇ ಹೋದ ಮೇಲೆ ಎಚ್ಚರಾಗುವವರು. ಯಾವ ಸರಿಯಾದ ವೀಸಾವೂ ಇಲ್ಲದಾಗ ಅಲ್ಲಿಂದಲೇ ಅರ್ಜಿ ಹಾಕಿದರೆ ಹೆಚ್ಚಿನ ಪರೀಕ್ಷೆ, ತೀರಾ ಬಲವಾದ ಕಾರಣ ತೋರಿಸಬೇಕು. ಮದುವೆ ಆಗಿದೆ ಅನ್ನುವುದೊಂದೇ ಸಾಕಾಗುವುದಿಲ್ಲ.

ಊರಿಗೆ ಬರುವ ಮಾತು

ಅಪ್ಪನಿಗೆ ಹುಷಾರಿಲ್ಲ, ತಂಗಿಯ ಮದುವೆ, ಮನೆಯಲ್ಲಿ ಭೂತದ ಕೋಲ. ಇಲ್ಲಿಂದ ಫೋನು ಹೋಗುತ್ತದೆ: "ನಾಲ್ಕು ದಿನಕ್ಕಾದರೂ ಬಂದು ಹೋಗು ಮಗಾ." ಬ್ರಿಡ್ಜಿಂಗ್ ವೀಸಾ 'ಎ' ಜಾರಿಯಲ್ಲಿ ಇರುವವನು ಹಾಗೇ ವಿಮಾನ ಹತ್ತಿದರೆ ಆ ವೀಸಾ ಅಲ್ಲಿಗೇ ಮುಗಿಯಿತು, ಅದರ ಮೇಲೆ ವಾಪಸು ಹೋಗುವಂತಿಲ್ಲ. ಹೊರಡುವ ಮೊದಲೇ 'ಬ್ರಿಡ್ಜಿಂಗ್ ವೀಸಾ ಬಿ' ಕೇಳಿ ಪಡೆಯಬೇಕು, ಅದರಲ್ಲಿ ಬರೆದ ತಾರೀಖಿನ ಒಳಗೆ ಮರಳಬೇಕು. ಸಾವಿನ ಸುದ್ದಿ ಬಂದ ರಾತ್ರಿ ಈ ಕಾಗದ ಹುಡುಕುವುದು ಎಷ್ಟು ಸಂಕಟ ಅಂತ ಬಿಡಿಸಿ ಹೇಳಬೇಕಾಗಿಲ್ಲ. "ಮದುವೆಯಾದ ಮೇಲೆ ಮಗ ಬದಲಾದ, ಅಜ್ಜಿಯ ಬೊಜ್ಜಕ್ಕೂ ಬರಲಿಲ್ಲ" ಅಂತ ಹೇಳುವ ನೆಂಟರು ಇದನ್ನೊಂದು ತಿಳಿದಿದ್ದರೆ ಒಳ್ಳೆಯದು.

ಸಂಸಾರಕ್ಕೆ ಸಾಕ್ಷಿ

ಧಣಿಯ ವೀಸಾಕ್ಕೆ ಸರ್ಟಿಫಿಕೇಟು, ಅನುಭವ, ಸಂಬಳದ ಲೆಕ್ಕ ಇದ್ದರೆ ಆಯಿತು. ಹೆಂಡತಿಯ ವೀಸಾಕ್ಕೆ ಸಂಸಾರವನ್ನೇ ಕಾಗದದಲ್ಲಿ ತೋರಿಸಬೇಕು. ಅಲ್ಲಿಯ ನಿಯಮ ನಾಲ್ಕು ಕಡೆಯಿಂದ ನೋಡುತ್ತದೆ: ಹಣಕಾಸು ಒಟ್ಟಿಗಿದೆಯೆ, ಮನೆ ಒಂದೇ ಇದೆಯೆ, ನಾಲ್ಕು ಜನ ಇವರನ್ನು ಗಂಡ-ಹೆಂಡತಿ ಅಂತ ಬಲ್ಲರೆ, ಒಬ್ಬರಿಗೊಬ್ಬರು ಕೊನೆತನಕ ಇರುವ ಮನಸ್ಸಿದೆಯೆ.

ನಮ್ಮವರು ಎಡವುವುದು ಇಲ್ಲಿ. ಮನೆ ಬಾಡಿಗೆ ಹೆಂಡತಿಯ ಹೆಸರಲ್ಲಿ, ಯಾಕೆಂದರೆ ಅವಳು ಮೊದಲೇ ಅಲ್ಲಿದ್ದವಳು. ಕರೆಂಟು ಬಿಲ್ಲೂ ಅವಳದ್ದೇ. ಇವನ ಸಂಬಳ ಇವನ ಖಾತೆಗೆ, ಅಲ್ಲಿಂದ ಸೀದಾ ಊರಿನ ಬ್ಯಾಂಕಿಗೆ, ಅಮ್ಮನ ಹೆಸರಿಗೆ. ಮನೆ ಸಾಮಾನಿನ ಹಣ ಕೈಯಿಂದ ಕೈಗೆ. ಮನೆಯೊಳಗೆ ಚಂದದ ಸಂಸಾರ, ಕಾಗದದಲ್ಲಿ ಇಬ್ಬರು ಅಪರಿಚಿತರು! ಜಂಟಿ ಖಾತೆ ತೆರೆಯುವುದು, ಬಾಡಿಗೆ ಪತ್ರಕ್ಕೆ ಇಬ್ಬರ ಹೆಸರು ಸೇರಿಸುವುದು, ಬಿಲ್ಲುಗಳನ್ನು ಬಿಸಾಡದೆ ಇಡುವುದು. ಇಷ್ಟನ್ನು ಮೊದಲ ತಿಂಗಳಿಂದಲೇ ಮಾಡಬೇಕು. ಇವರನ್ನು ಬಲ್ಲ ಆಸ್ಟ್ರೇಲಿಯಾ ಪ್ರಜೆಗಳೋ ಪಿ.ಆರ್. ಇರುವವರೋ 888 ಎಂಬ ಫಾರಂನಲ್ಲಿ ಹೇಳಿಕೆ ಬರೆದುಕೊಡಬೇಕು.

ಊರಿನ ಕಡೆಯಿಂದ ಆಗಬೇಕಾದದ್ದೂ ಇದೆ. ಮದುವೆ ಇಲ್ಲಿಯ ದೇವಸ್ಥಾನದಲ್ಲಿ ಆಗಿದ್ದರೆ ಆಮಂತ್ರಣ ಪತ್ರ, ಫೋಟೋ ಮಾತ್ರ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ ಮಾಡಿಸಿಡಬೇಕು. ಹುಡುಗ ರಜೆ ಮುಗಿಸಿ ಹೋದ ಮೇಲೆ ನೆನಪಾದರೆ ಓಡಾಟ ಯಾರದ್ದು ಅಂತ ಬೇರೆ ಹೇಳಬೇಕೆ?

ಇನ್ನೊಂದು ಪೊಲೀಸ್ ಕ್ಲಿಯರೆನ್ಸ್. ಹಿಂದಿನ ಹತ್ತು ವರ್ಷಗಳಲ್ಲಿ ಒಟ್ಟು 12 ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದಿಂದ ಅದು ಬೇಕು. ಭಾರತದ್ದಕ್ಕೆ ವಿಚಾರಣೆಗಾಗಿ ಊರಿನ ಠಾಣೆಯಿಂದ ಮನೆಗೆ ಪೊಲೀಸರು ಬರಬಹುದು. ಗೇಟಿನ ಹತ್ತಿರ ಖಾಕಿ ಕಂಡದ್ದೇ ಸಾಕು, ಸಂಜೆಯೊಳಗೆ ಪೇಟೆಯಲ್ಲಿ "ಅವರ ಮಗನ ಮೇಲೆ ಎಂತದೋ ಕೇಸುಂಟಂತೆ" ಅನ್ನುವ ಸುದ್ದಿ! ಕೇಸಲ್ಲ ಸ್ವಾಮಿ, ಕೇಸಿಲ್ಲ ಅನ್ನುವ ಸರ್ಟಿಫಿಕೇಟು. ದುಬೈಯಲ್ಲಿ ನಾಲ್ಕು ವರ್ಷ ಇದ್ದು ಆಮೇಲೆ ಆಸ್ಟ್ರೇಲಿಯಾಕ್ಕೆ ಹೋದವನು ಅಲ್ಲಿಯದ್ದನ್ನೂ ತರಬೇಕು.

ದುಡ್ಡು ಮತ್ತು ದಲ್ಲಾಳಿ

2025ರ ಜುಲೈ 1ರಿಂದ ಈ ಅರ್ಜಿಯ ಸರಕಾರಿ ಫೀಸು 9,365 ಡಾಲರ್. ನಮ್ಮ ಲೆಕ್ಕದಲ್ಲಿ ಐದು ಲಕ್ಷ ದಾಟುತ್ತದೆ. ಅರ್ಜಿ ತಿರಸ್ಕೃತವಾದರೆ ಹಣ ವಾಪಸಿಲ್ಲ. ವಕೀಲರ, ವೈದ್ಯಕೀಯ ಪರೀಕ್ಷೆಯ ಖರ್ಚು ಬೇರೆ.

ಇಷ್ಟು ದೊಡ್ಡ ಮೊತ್ತ ಇರುವಲ್ಲಿ ದಲ್ಲಾಳಿ ಇರದೇ ಇರುತ್ತಾನೆಯೆ? ಆಸ್ಟ್ರೇಲಿಯಾದಲ್ಲಿ ಕೂತು ಹಣ ಪಡೆದು ವೀಸಾ ಸಲಹೆ ಕೊಡುವವನು ಅಲ್ಲಿ ನೋಂದಾಯಿತ ಏಜೆಂಟನೋ ವಕೀಲನೋ ಆಗಿರಬೇಕು. ನೋಂದಣಿ ಇದೆಯೋ ಇಲ್ಲವೋ ಎಂದು ಯಾರು ಬೇಕಾದರೂ ಅವರ ಪಟ್ಟಿಯಲ್ಲಿ ನೋಡಬಹುದು. ಆದರೆ ಇಲ್ಲಿ, ಬಸ್ ನಿಲ್ದಾಣದ ಮಾಳಿಗೆ ಮೇಲೆ ಬೋರ್ಡು ಹಾಕಿದವನಿಗೆ ಆ ನಿಯಮ ತಾಗುವುದಿಲ್ಲ. ಕೆಟ್ಟರೆ ಅಲ್ಲಿಯ ಇಲಾಖೆಗೆ ದೂರು ಕೊಟ್ಟು ಇವನನ್ನು ಹಿಡಿಯುವಂತಿಲ್ಲ.

"ಪಿ.ಆರ್. ಹುಡುಗಿ ಉಂಟು, ಕಾಗದದ ಮದುವೆ, ಇಷ್ಟು ಲಕ್ಷ" ಅಂತ ಯಾರಾದರೂ ಹತ್ತಿರ ಬಂದರೆ ಮೆಟ್ಟಿಲು ಇಳಿದು ಬರುವುದೇ ಕ್ಷೇಮ. ಪಿ.ಆರ್. ಸಿಗಲಿ ಅಂತ ಇಂಥ ಮದುವೆ ಏರ್ಪಡಿಸುವುದು ಅಲ್ಲಿಯ ವಲಸೆ ಕಾಯ್ದೆಯಲ್ಲಿ ಹತ್ತು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಧಣಿ "ಜಾಮೀನು ನಿಲ್ಲುತ್ತೇನೆ, ಇಷ್ಟು ಕೊಡು" ಅನ್ನುವುದೂ 2015ರ ಡಿಸೆಂಬರ್‌ನಿಂದ ಅಲ್ಲಿ ಕಾನೂನುಬಾಹಿರ. "ವೀಸಾ ಕ್ಯಾನ್ಸಲ್ ಮಾಡಿಸ್ತೇನೆ" ಅಂತ ಹೆದರಿಸಿ ದುಡಿಸುವುದು 2024ರ ಜುಲೈ 1ರಿಂದ ಅಪರಾಧ. ಸಂಬಳದ ಮೋಸಕ್ಕೆ 'ಫೇರ್ ವರ್ಕ್ ಆಂಬುಡ್ಸ್‌ಮನ್' ಕಚೇರಿಯಲ್ಲಿ ದೂರು ಕೊಡಬಹುದು, ವೀಸಾದ ಮೇಲೆ ಇರುವವನೂ ಕೊಡಬಹುದು. ಧಣಿ ಕೆಟ್ಟವನಾದರೆ ಮದುವೆಯೊಂದೇ ಬಿಡುಗಡೆಯ ದಾರಿ ಅಲ್ಲ ಅನ್ನುವುದು ಹುಡುಗರಿಗೆ ಗೊತ್ತಿರಲಿ.

ಹಗ್ಗ ಕೈ ಬದಲಾದಾಗ

ನಮ್ಮ ಭಾಷೆಯಲ್ಲಿ 'ಯಜಮಾನ' ಅಂದರೆ ಕೆಲಸ ಕೊಡುವವನೂ ಹೌದು, ಗಂಡನೂ ಹೌದು. ಈ ವೀಸಾದ ವಿಷಯದಲ್ಲಿ ಆ ಎರಡು ಅರ್ಥ ಒಂದೇ ಕಡೆ ಬಂದು ನಿಲ್ಲುತ್ತದೆ. ನಿನ್ನೆ ತನಕ ಧಣಿಯ ಕೈಯಲ್ಲಿದ್ದ ಹಗ್ಗ ಈಗ ಸಂಗಾತಿಯ ಕೈಗೆ. ಸಂಗಾತಿ ಒಳ್ಳೆಯವರಾದರೆ ಹಗ್ಗ ಇದ್ದದ್ದೇ ಗೊತ್ತಾಗುವುದಿಲ್ಲ. ಅಲ್ಲವಾದರೆ? "ನಾನು ಒಂದು ಮಾತು ಬರೆದು ಹಾಕಿದರೆ ನಾಳೆ ನೀನು ವಿಮಾನ ಹತ್ತಬೇಕು" ಅನ್ನುವ ಮಾತು ಅಡಿಗೆ ಮನೆಯಲ್ಲಿ ಹುಟ್ಟುತ್ತದೆ. ಊರಿನ ಹೆಣ್ಣುಮಕ್ಕಳಿಗೆ ಇದರ ಏಟು ಹೆಚ್ಚು, ಯಾಕೆಂದರೆ ಬೆದರಿಕೆಯ ಹಿಂದೆ ವರದಕ್ಷಿಣೆಯ ಬಾಕಿಯೂ ಸೇರಿಕೊಂಡಿರುತ್ತದೆ. ಕೆಲಸದ ವೀಸಾದಲ್ಲಿ ಸ್ವತಂತ್ರವಾಗಿ ದುಡಿಯುತ್ತಿದ್ದವಳು ಗಂಡನ ಜಾಮೀನಿಗೆ ಬಂದ ಮೇಲೆ ಬಾಯಿ ಮುಚ್ಚಿಕೊಂಡು ಇರುವುದುಂಟು.

ಆ ಬೆದರಿಕೆ ಪೂರ್ತಿ ನಿಜವಲ್ಲ. ಜಾಮೀನು ವಾಪಸು ಪಡೆದರೂ ಇಲಾಖೆ ಆ ಕೂಡಲೇ ಯಾರನ್ನೂ ಓಡಿಸುವುದಿಲ್ಲ, ಉತ್ತರ ಕೊಡಲು ಅವಕಾಶ ಕೊಡುತ್ತದೆ. ಅರ್ಜಿ ಹಾಕಿದ ಮೇಲೆ ಸಂಗಾತಿಯ ಹಿಂಸೆಯಿಂದ ಸಂಬಂಧ ಮುರಿದರೆ, ಹಿಂಸೆ ಅನುಭವಿಸಿದವರು ಅದನ್ನು ಸಾಬೀತು ಮಾಡಿ ಪಿ.ಆರ್. ತನಕ ಹೋಗಲು ಅಲ್ಲಿಯ ನಿಯಮದಲ್ಲೇ ದಾರಿ ಇದೆ. ಹಿಂಸೆ ಅಂದರೆ ಹೊಡೆತ ಮಾತ್ರವಲ್ಲ, ಹೆದರಿಸುವುದು, ದುಡ್ಡು ಕಿತ್ತುಕೊಳ್ಳುವುದೂ ಸೇರುತ್ತದೆ. ವಿಕ್ಟೋರಿಯಾ ರಾಜ್ಯವಂತೂ 2018ರಲ್ಲಿ ತನ್ನ ಕೌಟುಂಬಿಕ ಹಿಂಸೆ ಕಾಯ್ದೆಗೆ ತಿದ್ದುಪಡಿ ತಂದು ವರದಕ್ಷಿಣೆ ಕಿರುಕುಳವನ್ನೂ ಅದರಲ್ಲಿ ಸೇರಿಸಿತು. ಮಗಳು ಫೋನಿನಲ್ಲಿ ಅತ್ತರೆ "ಪಿ.ಆರ್. ಆಗುವ ತನಕ ಸಹಿಸಿಕೋ ಮಗಳೇ" ಅನ್ನುವ ತಾಯಂದಿರು ಈ ಸಾಲನ್ನು ಎರಡು ಸಲ ಓದಬೇಕು.

ಭಾನುವಾರದ ಫೋನಿನಲ್ಲಿ

ಇಷ್ಟು ಕಾನೂನು ಊರಿನಲ್ಲಿರುವವರಿಗೆ ಯಾಕೆ ಅಂತ ಕೇಳಬಹುದು. ಅಲ್ಲಿಯ ಹುಡುಗರು ಅರ್ಧ ತೀರ್ಮಾನಗಳನ್ನು ಊರಿನ ಒತ್ತಾಯಕ್ಕೇ ಮಾಡುವುದು. "ಧಣಿಯ ಕಾಟ ಎಷ್ಟು ದಿನ ಅಂತ ಸಹಿಸ್ತೀ, ಬಿಟ್ಟು ಬಿಡು" ಅನ್ನುವುದು ಇಲ್ಲಿಂದ. "ಕೆಲಸ ಬಿಟ್ಟು ಒಂದು ತಿಂಗಳು ಬಂದು ಹೋಗು" ಅನ್ನುವುದೂ ಇಲ್ಲಿಂದ.

ಹಾಗಾಗಿ ಮುಂದಿನ ಭಾನುವಾರ ಮಗನ ಫೋನು ಬಂದಾಗ ಮೂರು ಪ್ರಶ್ನೆ ಕೇಳಿದರೆ ಸಾಕು. ನಿನ್ನ 482 ಮುಗಿಯುವ ತಾರೀಖು ಯಾವುದು? ಬ್ರಿಡ್ಜಿಂಗ್ ವೀಸಾ ಜಾರಿಗೆ ಬಂದಿದೆಯೋ ಇನ್ನೂ ಮಲಗಿದೆಯೋ? ಕೆಲಸ ಬಿಟ್ಟಿದ್ದರೆ 180ರಲ್ಲಿ ಎಷ್ಟು ದಿನ ಕಳೆಯಿತು? ಮೂರಕ್ಕೂ ಥಟ್ಟನೆ ಉತ್ತರ ಬಂದರೆ ಹುಡುಗ ಹುಷಾರಾಗಿದ್ದಾನೆ. "ಏಜೆಂಟರು ನೋಡಿಕೊಳ್ತಾರೆ ಅಪ್ಪಾ" ಅಂದರೆ ಅವತ್ತೇ ಒಬ್ಬ ನೋಂದಾಯಿತ ಸಲಹೆಗಾರನ ಹತ್ತಿರ ಹೋಗಲು ಹೇಳಿ.

ಉಳಿದದ್ದು ತಾಳ್ಮೆಯ ಕೆಲಸ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತು "ನಿಮ್ಮ ಮಗನಿಗೆ ಪಿ.ಆರ್. ಆಯ್ತಾ, ಇನ್ನೂ ಯಾಕೆ ಆಗಲಿಲ್ಲ?" ಅಂತ ಕೆದಕುವವರು ಎರಡು ವರ್ಷ ಬಾಯಿಗೆ ವೀಳ್ಯದೆಲೆ ಹಾಕಿಕೊಂಡು ಸುಮ್ಮನಿದ್ದರೆ, ಅದೂ ಆ ಸಂಸಾರಕ್ಕೆ ಮಾಡಿದ ಒಂದು ಉಪಕಾರವೇ.